ಜಡಿ ಎಂಬ ಮಾತು

ಬಾಯಿಬಿಟ್ಟು ಹೇಳಬಾರದ ಒಂದು ಮಾತನ್ನು ಬಿಟ್ಟರೆ ಮಳೆಗಾಲಕ್ಕೆ ಆ ಮನೆಯಲ್ಲಿ ಇನ್ನೇನೂ ಬಾಕಿ ಇರಲಿಲ್ಲ. ಹೆಂಚು ಕೈಯಾಡಿಸಿ ಆಗಿತ್ತು. ಸೌದೆ ಅಟ್ಟ ಸೇರಿತ್ತು, ಬೆರಣಿ ಹಿತ್ತಲ ಮಾಡಿನ ಕೆಳಗೆ ಒಟ್ಟಾಗಿತ್ತು, ಹಪ್ಪಳ ಸಂಡಿಗೆ ಡಬ್ಬಿಗಳಲ್ಲಿ ಕೂತಿದ್ದವು, ಉಪ್ಪಿನ ಮಡಕೆ ನೀರೊಡೆಯದಂತೆ ಒಲೆಯ ಪಕ್ಕದ ಗೂಡಿಗೆ ಬಂದಿತ್ತು. ಪಡುವಣ ಕೋಣೆಯನ್ನು ನೀಲಾಂಬಿಕ ತಾನೇ ಸಗಣಿ ಹಾಕಿ ಸಾರಿಸಿ, ಮಂಚದ ಹಗ್ಗ ಬಿಗಿದು, ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿ, ಕಂಬಳಿಗಳನ್ನು ಬಿಸಿಲಿಗೆ ಹರವಿ ಕೊಡವಿ ಮಡಿಸಿಟ್ಟಿದ್ದಳು. ಸಂಜೆಯ ಮೋಟಾರಿಗೆ ಅತ್ತೆ ಉಚ್ಚಂಗಮ್ಮ ಉಳವಿಯಿಂದ ಮಗಳು ಸರ್ವಮಂಗಳೆಯನ್ನು ಕರೆದುಕೊಂಡು ಬರುವವರಿದ್ದರು. ಚೊಚ್ಚಲ ಹೆರಿಗೆ, ತವರಿಗೆ ಬರುತ್ತಿದ್ದಾಳೆ, ಮಳೆಗಾಲವಿಡೀ ಬಾಣಂತನ ಆ ಕೋಣೆಯಲ್ಲೇ. ಕೋಣೆಯ ಹೊರಗೋಡೆ ಮಾತ್ರ ಮಣ್ಣಿನದು, ಪಡುವಣಕ್ಕೆ ಮುಖಮಾಡಿ ಬರಿಮೈಯಲ್ಲಿ ನಿಂತಿತ್ತು. ಸೊರಬದ ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡ ಹೊಡೆಯುವುದೇ ಹೆಚ್ಚು. ಅದಕ್ಕೆಂದು ಊರಿನವರು ಅಡಿಕೆಯ ಸೋಗೆಯನ್ನು ಬಿದಿರ ಗಳುಗಳಿಗೆ ಹೆಣೆದು ಗೋಡೆಯ ಹೊರಮೈಗೆ ಉದ್ದಕ್ಕೂ ಕಟ್ಟಿಸುತ್ತಾರೆ. ಊರೆಲ್ಲ ಅದನ್ನು ಜಡಿ ಎನ್ನುತ್ತದೆ. ನೀಲಾಂಬಿಕ ಎನ್ನುವಂತಿರಲಿಲ್ಲ, ಏಕೆಂದರೆ ಅವಳ ಗಂಡನ ಹೆಸರು ಜಡೆಪ್ಪ.

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ. ಹೆಸರಿಗೆ ಹತ್ತಿರದ ಮಾತು ಆಡಿದರೂ ಅಷ್ಟೋ ಇಷ್ಟೋ ಸವೆದೇ ಸವೆಯುತ್ತದೆ ಎಂದು ಉಚ್ಚಂಗಮ್ಮನ ಲೆಕ್ಕ. ಅವರದಾದರೂ ಸುಖದ ಬಾಯಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ತಪ್ಪಿಗೆ, ಮಾವನ ಹೆಸರು ಎತ್ತಬಾರದ ಸೊಸೆಯಾಗಿ ಅವರು ಹೆತ್ತ ಮಗನನ್ನೂ ಹೆಸರಿಟ್ಟು ಕರೆದವರಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಅವನು ‘ತಮ್ಮ’. ಹೀಗಾಗಿ ಆ ಮನೆಯಲ್ಲಿ ಹೆಂಗಸರ ತಲೆಗೆ ಜಡೆ ಇರಲಿಲ್ಲ, ಹೆರಳಿತ್ತು. ಆಷಾಢದಲ್ಲಿ ಜಡಿಮಳೆ ಬರುತ್ತಿರಲಿಲ್ಲ, ‘ಹಿಡಕೊಂಡ ಮಳೆ’ ಬರುತ್ತಿತ್ತು. ಗೋಡೆಗೆ ಕಟ್ಟುವುದು ‘ಮರೆ’. ನಿನ್ನೆ ಮೋಟಾರು ಹತ್ತುವಾಗಲೂ ಅತ್ತೆ, “ಮರೆ ಕಟ್ಟಿಸೋದು ಮರೀಬ್ಯಾಡ ಮಾರಾಯ್ತಿ” ಎಂದಿದ್ದರು. ಪಕ್ಕದಲ್ಲಿ ಕೂತವರು ಏನು ತಿಳಿದುಕೊಂಡರೋ. ತಟ್ಟಿ ಎಂದರೂ ಆಗುತ್ತಿತ್ತಲ್ಲ ಎಂದು ನೀಲಾಂಬಿಕಳಿಗೆ ಮದುವೆಯಾದ ಹೊಸದರಲ್ಲೇ ಹೊಳೆದಿತ್ತು. ಆದರೆ ಅವಳ ತವರು ಶಿಕಾರಿಪುರದ ಓಣಿಯಲ್ಲಿ ತಟ್ಟಿ ಎಂದರೆ ಬೆಳಿಗ್ಗೆ ಚೊಂಬು ಹಿಡಿದು ಹೋಗುವ ಜಾಗ. ಗಂಡಸರ ಮುಂದೆ ಅದನ್ನು ಎತ್ತುವುದಕ್ಕಿಂತ ಗೋಡೆ ಬಿದ್ದುಹೋದರೂ ವಾಸಿ.

ತಾನು ಮಿಡ್ಲ್ ಸ್ಕೂಲು ಓದಿದವಳು, ಇದನ್ನೆಲ್ಲ ನಂಬುವವಳಲ್ಲ ಎಂದು ಅವಳು ಅಂದುಕೊಂಡಿದ್ದಳು. ಹಾಗೆ ಅಂದುಕೊಂಡೇ ಹೋದ ದೀಪಾವಳಿಯ ಮಾರನೆಯ ದಿನ ಗಂಡನ ಕಡೆಯವರ ಮನೆಗೆ ಒಬ್ಬಳೇ ಹೊರಟಿದ್ದಳು, ಅವರಿದ್ದ ಊರು ಜಡೆ. ಕಂಡಕ್ಟರು ಹೊಸ ನಯಾಪೈಸೆಯ ಚಿಲ್ಲರೆ ಎಣಿಸುತ್ತ “ಎಲ್ಲಿಗ್ರಮ್ಮ?” ಎಂದ. “ನಮ್ಮನೆಯವರ ಊರಿಗೆ” ಎಂದಳು. ನಿಮ್ಮನೆಯವರು ಯಾವ ಊರಿನವರು ಎಂದರೆ ಸೊರಬ. ಸೊರಬದಿಂದಲೇ ಹೊರಟಿದೆಯಲ್ಲ ಮೋಟಾರು. ಅವಳು ಹೆರಳನ್ನು ಮುಂದಕ್ಕೆ ಎಳೆದುಕೊಂಡು ಸುಮ್ಮನೆ ಅದನ್ನೇ ತೋರಿಸಿದಳು. ಕಂಡಕ್ಟರು ಹೆರಳನ್ನೂ ಅವಳ ಮುಖವನ್ನೂ ನೋಡಿ, ಹುಚ್ಚು ಗಿಚ್ಚು ಏನಾದರೂ ಇದೆಯೋ ಎಂದು ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನ ಸೀಟಿನ ಮುದುಕಿಯೊಬ್ಬಳು “ಜಡೆಗೆ ಕಣೋ, ಗಂಡನ ಹೆಸರಿರಬೇಕು ಪಾಪ” ಎಂದಾಗ ಇಡೀ ಮೋಟಾರು ನಕ್ಕಿತು. ನೀಲಾಂಬಿಕಳೂ ನಕ್ಕಳು, ಆದರೆ ಇಳಿಯುವವರೆಗೂ ಕಿವಿ ಬಿಸಿಯಾಗಿಯೇ ಇತ್ತು. ನಂಬದವಳು ಹೇಳಬಹುದಿತ್ತಲ್ಲ? ಆ ಹೆಸರನ್ನು ಅವಳು ಹೇಳಿದ್ದು ಒಂದೇ ಸಲ, ಮದುವೆಯಲ್ಲಿ, ಹೊಸಲಿಗೆ ಅಡ್ಡ ನಿಂತ ಹೆಂಗಸರು ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ. ಹಿತ್ತಲಾಗ ಮಲ್ಲಿಗಿ, ಅಂಗಳದಾಗ ಸಂಪಿಗಿ, ಜಡೆಪ್ಪನವರು ಬಂದಾರ ನಮ್ಮ ಮನಿಗಿ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲವಂತೆ. ಯಮನಿಗೆ ಪ್ರಾಸ ಹಿಡಿಸುತ್ತದೇನೋ ಎಂದು ಆಗ ಅವಳಿಗೆ ನಗು ಬಂದಿತ್ತು.

ಜಡಿ ಕಟ್ಟುವ ಗುತ್ಯಪ್ಪನ ಗಾಡಿ ಬಂದಾಗ ಹೊತ್ತು ನೆತ್ತಿಗೇರುತ್ತಿತ್ತು. ಪ್ರತಿ ವರ್ಷ ಬರುತ್ತಿದ್ದವನು ಅವನ ಮಾವ ಶೇಷಪ್ಪ. ಅವನಿಗೆ ಈ ಮನೆಯ ಹೆಂಗಸರ ಭಾಷೆ ಗೊತ್ತಿತ್ತು, ಮರೆ ಎಂದರೆ ಸಾಕಾಗುತ್ತಿತ್ತು. ಈ ವರ್ಷ ಶೇಷಪ್ಪನಿಗೆ ಮಂಡಿನೋವು, ಅಳಿಯ ಬಂದಿದ್ದ. ಗಾಡಿಯ ತುಂಬ ಹೆಣೆದ ಸೋಗೆ, ಬಿದಿರು, ಕತ್ತದ ಹುರಿ. ಅವನು ಅಂಗಳದಲ್ಲಿ ನಿಂತು ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, “ಎಂತದು ಕಟ್ಬೇಕಿತ್ರಮ್ಮ?” ಎಂದ.

“ಮರೆ ಕಟ್ಬೇಕ್ರೀ” ಎಂದಳು ನೀಲಾಂಬಿಕ, ಬಾಗಿಲ ಹಿಂದಿನಿಂದ.

“ಮರೆ? ಮನೇಲಿ ಬಾಣಂತಿ ಇದಾರಾ?”

“ಬರೋರದಾರ. ಸಂಜೀಕ. ಅವ್ರ ಸಲುವಾಗೇ.”

“ಹಂಗನ್ನಿ ಮತ್ತೆ. ನೀವು ಒಳಗೆ ಹೋಗಿ ನಿಮ್ ಕೆಲಸ ನೋಡ್ಕಳಿ. ಅಚ್ಚುಕಟ್ಟಾಗಿ ಕಟ್ಟಿಕೊಡ್ತೀನಿ, ನೊಣ ಇರ್ಲಿ, ಗಾಳೀನೂ ಒಳಗೆ ಹೋಗಲ್ಲ.”

ಎಷ್ಟು ಸಲೀಸು ಎಂದುಕೊಂಡಳು ನೀಲಾಂಬಿಕ. ಒಳಗೆ ಬಂದು ಬಾಣಂತಿಯ ಖಾರಕ್ಕೆ ಮೆಣಸು, ಓಮ ಹುರಿಯಲು ಕುಳಿತಳು. ಹಿತ್ತಲ ಕಡೆಯಿಂದ ಗೂಟ ಹೊಡೆಯುವ ಸದ್ದು ಬರತೊಡಗಿತು. ಹಿತ್ತಲ ಕಡೆಯಿಂದ ಏಕೆ ಬರಬೇಕು, ಪಡುವಣ ಗೋಡೆ ಬಲಕ್ಕಲ್ಲವೇ, ಎಂದು ಒಂದು ಸಲ ಅನ್ನಿಸಿತು. ಎದ್ದು ನೋಡಬಹುದಿತ್ತು. ಓಮ ಸೀದುಹೋದೀತು ಎಂದು ಕೂತೇ ಇದ್ದಳು. ಹೊಗೆಯ ಘಾಟಿಗೆ ಕಣ್ಣು ತುಂಬಿದಾಗ ನೆರೆಮನೆಯ ಹೂವಮ್ಮ ಮೊನ್ನೆ ಬೇಲಿಯಾಚೆಯಿಂದ ಆಡಿದ ಮಾತು ನೆನಪಾಯಿತು: “ಬಾಣಂತಿ ಕೋಣೆ ಸಾರಿಸ್ತಿದೀಯಾ, ಯಾರಿಗೆ, ನಾದಿನಿಗಾ? ಆಗ್ಲಿ ಬಿಡು, ನಿನ್ನ ಕೈಗುಣಾನೂ ಗೊತ್ತಾಗ್ಲಿ.” ಅದರಲ್ಲಿ ಕೆಟ್ಟ ಮಾತೇನಿತ್ತು? ಏನೂ ಇರಲಿಲ್ಲ. ಮದುವೆಯಾಗಿ ಎಷ್ಟೋ ಮಳೆಗಾಲಗಳು ಬಂದುಹೋದರೂ ಆ ಕೋಣೆ ಅವಳಿಗಾಗಿ ಸಾರಿಸುವಂತಾಗಿರಲಿಲ್ಲ, ಅಷ್ಟೇ. ಸರ್ವಮಂಗಳೆಯೆಂದರೆ ಅವಳಿಗೆ ಪ್ರೀತಿಯೇ. ಮದುವೆಯಾಗಿ ಬಂದ ವಾರದಲ್ಲಿ ಬಚ್ಚಲಲ್ಲಿ ಕೂತು ಅಳುತ್ತಿದ್ದವಳನ್ನು ಹುಡುಕಿ ಬಂದು, ಏನೂ ಕೇಳದೆ ಒಂದು ಹಿಡಿ ಹುರಿಗಡಲೆ ಕೈಗೆ ತುರುಕಿ ಹೋದವಳು ಅವಳು. ಆದರೂ ಕೋಣೆಯ ನೆಲ ಸಾರಿಸುವಾಗ ಕೈ ಒಂದು ಗಳಿಗೆ ನಿಂತಿತ್ತು. ಈ ಕೋಣೆ ಒಣಗದೇ ಇದ್ದರೆ, ಗೋಡೆ ನೆಂದು ಸೋರಿದರೆ, ಅವಳನ್ನು ಉಳವಿಗೇ ವಾಪಸು ಕಳಿಸಬೇಕಾಗುತ್ತಿತ್ತಲ್ಲ ಎಂದು ಮನಸ್ಸಿನ ಯಾವುದೋ ಮೂಲೆ ಹೇಳಿತ್ತು. ಹೇಳಿ ಸುಮ್ಮನಾಗಿತ್ತು. ನೀಲಾಂಬಿಕ ಆ ಮೂಲೆಯನ್ನೂ ಸಗಣಿಯಲ್ಲಿ ಸಾರಿಸಿ ಮುಂದೆ ಹೋಗಿದ್ದಳು.

ಮಜ್ಜಿಗೆಯ ಚೊಂಬು ಹಿಡಿದು ಹಿತ್ತಲಿಗೆ ಬಂದರೆ ಗುತ್ಯಪ್ಪನೂ ಇಲ್ಲ, ಗಾಡಿಯೂ ಇಲ್ಲ. ಹಂಡೆಯ ಒಲೆಯ ಪಕ್ಕದಲ್ಲಿ ನಾಲ್ಕೂ ಕಡೆ ಸೋಗೆ ಕಟ್ಟಿದ, ಪುಟ್ಟ ಬಾಗಿಲೂ ಇದ್ದ, ನೋಡಿದರೆ ಯಾರಿಗಾದರೂ ಸ್ನಾನ ಮಾಡಬೇಕೆನ್ನಿಸುವಂಥ ಒಂದು ಬಚ್ಚಲು ನಿಂತಿತ್ತು. ನೆಲಕ್ಕೆ ಕಲ್ಲನ್ನೂ ಹಾಸಿದ್ದ ಪುಣ್ಯಾತ್ಮ. ಮರೆ ಎಂದರೆ ಊರಿಗೆಲ್ಲ ಬಾಣಂತಿಗೆ ನೀರು ಹಾಕುವ ಮರೆ ಎಂದು ಅವಳಿಗೆ ಆಗ ಹೊಳೆಯಿತು. ಓಡಿಬಂದು ಪಡುವಣ ಗೋಡೆ ನೋಡಿದಳು. ಅದು ಬೆಳಿಗ್ಗೆ ಇದ್ದ ಹಾಗೆಯೇ ಇತ್ತು. ಗೋಡೆಯ ಆಚೆ, ಚಂದ್ರಗುತ್ತಿಯ ಕಡೆಯ ಆಕಾಶ ಕಾಡಿಗೆ ಬಳಿದಷ್ಟು ಕಪ್ಪಾಗಿ ಒಂದು ಸಲ ಸಣ್ಣಗೆ ಗುಡುಗಿತು.

ಆಗ ಅವಳಿಗೆ ಭಯವಾದದ್ದು ಮಳೆಗಲ್ಲ, ತನಗೇ. ಗೂಟದ ಸದ್ದು ಎಲ್ಲಿಂದ ಬರುತ್ತಿದೆಯೆಂದು ತನಗೆ ಕೇಳಿಸಿತ್ತಲ್ಲ. ಎದ್ದುಹೋಗಲಿಲ್ಲವಲ್ಲ. ಗಂಡನ ಆಯುಸ್ಸಿನ ನೆವ ಮುಂದೆ ಮಾಡಿಕೊಂಡು ನಾಲಿಗೆ ಬೇರೇನನ್ನೋ ನಡೆಸಿತೇ? ಬೇಕೆಂದೇ ತಪ್ಪು ಮಾತು ಆಡಿದೆನೇ? ಅಲ್ಲ ಎಂದು ಹೇಳಲು ಎದುರಿಗೆ ಯಾರೂ ಇರಲಿಲ್ಲ. ತುಂಬಿದ ಹೊಟ್ಟೆ ಹೊತ್ತು ಮೋಟಾರಿನಲ್ಲಿ ಕುಲುಕುತ್ತ ಬರುತ್ತಿರುವ ಸರ್ವಮಂಗಳೆ ಒದ್ದೆ ಗೋಡೆಯ ಪಕ್ಕ ಮಲಗಿ ಕೆಮ್ಮುವುದು ಕಣ್ಣಿಗೆ ಕಟ್ಟಿತು. ಮಜ್ಜಿಗೆಯ ಚೊಂಬನ್ನು ಕಟ್ಟೆಯ ಮೇಲೆ ಕುಕ್ಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀಲಾಂಬಿಕ ಬೀದಿಗೆ ಓಡಿದಳು. ಕಾಳಿನ ಮಂಡಿ ನಡೆಸುವ ಮನೆತನದ ಸೊಸೆ ಹಾಗೆ ಓಡಿದ್ದನ್ನು ಆ ಬೀದಿ ನೋಡಿರಲಿಲ್ಲ.

ಗಾಡಿ ಬೀದಿಯ ತುದಿಯಲ್ಲಿ ತಿರುವಿನ ಹತ್ತಿರವಿತ್ತು. ಸೋಗೆ ಇನ್ನೂ ಅರ್ಧ ಗಾಡಿ ಉಳಿದಿತ್ತು, ಅದನ್ನು ಅಕ್ಕಿ ಗಿರಣಿಯವರು ಬೇರೆ ಕಾಯುತ್ತಿದ್ದರು. ಅವಳಿಗೂ ಗಾಡಿಗೂ ನಡುವೆ ದೊಡ್ಡಮಾವ ಪಂಚಾಕ್ಷರಪ್ಪನವರ ಅಂಗಡಿ, ಅದರ ಜಗುಲಿಯ ಮೇಲೆ ಅವರು, ಅವರ ಸುತ್ತ ಎಲೆಅಡಿಕೆ ಹಾಕುತ್ತ ಕೂತ ನಾಲ್ಕು ಜನ ಗಂಡಸರು. ಅವರನ್ನು ದಾಟಿ ಓಡುವ ಧೈರ್ಯ ಕಾಲಿಗೆ ಬರಲಿಲ್ಲ. ಅಲ್ಲಿಯೇ ನಿಂತು “ಗುತ್ಯಪ್ಪಾ, ನಿಲ್ರೀ” ಎಂದು ಕೂಗಿದಳು.

ಗುತ್ಯಪ್ಪ ಹಗ್ಗ ಜಗ್ಗಿ ತಿರುಗಿದ. “ಎಂತಾಯ್ತ್ರಮ್ಮ? ಮರೆ ಕಟ್ಟಿದೀನಲ್ಲ.”

“ಅದಲ್ಲ್ರೀ. ಪಡುವಣ ಕಡಿಗೆ ಕಟ್ಟೋದು.”

“ಪಡುವಣಕ್ಕೆ ಬ್ಯಾಡ್ರಮ್ಮ. ಆ ಗಾಳೀಲಿ ಹಸಿ ಬಾಣಂತಿಗೆ ನೀರು ಹಾಕ್ತಾರೇನು? ನಾನು ಕಟ್ಟಿದ್ದೇ ಸರಿ ಜಾಗ.”

“ಬಾಣಂತೀದಲ್ಲ. ಅದು, ಅದೇ, ನಮ್ಮನೆಯವರದು.”

ಗಾಳಿ ಎದ್ದಿತ್ತು, ಎತ್ತುಗಳು ಕೊರಳಾಡಿಸುತ್ತಿದ್ದವು. “ಯಜಮಾನ್ರಿಗೂ ಬ್ಯಾರೆ ಮರೆ ಬೇಕಾ?” ಎಂದು ಗುತ್ಯಪ್ಪ ಕೂಗಿ ಕೇಳಿದ. ಜಗುಲಿಯ ಮೇಲಿನವರು ಕಿಸಕ್ಕನೆ ನಕ್ಕರು. ಒಬ್ಬನ ಬಾಯಿಂದ ಎಲೆಯ ರಸ ಅಂಗಿಯ ಮೇಲೆ ಇಳಿಯಿತು. ಪಂಚಾಕ್ಷರಪ್ಪನವರು ಮಾತ್ರ ನಗಲಿಲ್ಲ. ಅವರಿಗೆ ಅರ್ಥವಾಗಿತ್ತು. ಆ ಒಂದು ಮಾತನ್ನು ಅವರೇ ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಅವರು ಅಡಿಕೆ ಚೂರನ್ನು ಬೆರಳಲ್ಲಿ ಹೊರಳಿಸುತ್ತ ಸೊಸೆ ಏನು ಮಾಡುತ್ತಾಳೋ ನೋಡೋಣ ಎನ್ನುವಂತೆ ಕೂತಿದ್ದರು.

“ಯಜಮಾನ್ರು ಬರ್ಲಿ ಬಿಡಿ, ಅವರನ್ನೇ ಕೇಳ್ತೀನಿ” ಎಂದು ಗುತ್ಯಪ್ಪ ಎತ್ತಿನ ಬಾಲ ಮುರಿದ. ಗಾಡಿ ತಿರುವಿಗೆ ಹೊರಳಿತು.

ಒಡಪು ಕಟ್ಟಲು ಹೊತ್ತಿರಲಿಲ್ಲ. “ಜಡಿ” ಎಂದಳು ನೀಲಾಂಬಿಕ. ಅದು ಅವಳಿಗೇ ಕೇಳಿಸಲಿಲ್ಲ. ಉಸಿರೆಳೆದುಕೊಂಡು, ಸಂತೆಯಲ್ಲಿ ಕಳೆದುಹೋದ ಮಗುವನ್ನು ಕರೆಯುವಷ್ಟು ಜೋರಾಗಿ, “ಜಡಿ! ಗುತ್ಯಪ್ಪಾ, ನನಗ ಬೇಕಾಗಿದ್ದು ಜಡಿ! ನಮ್ಮ ಪಡುವಣ ಗ್ವಾಡಿಗೆ ಜಡಿ ಕಟ್ರಿ!” ಎಂದು ಕೂಗಿದಳು. ಹೂವಮ್ಮ ಬಾಗಿಲಿಗೆ ಬಂದಳು. ಆಮೇಲೆ ಪಂಚಾಕ್ಷರಪ್ಪನವರು ಅಡಿಕೆ ಚೂರನ್ನು ಬಾಯಿಗೆಸೆದುಕೊಂಡು, “ಕಿವಿ ಕೇಳ್ಸಲ್ವೇನೋ? ಗಾಡಿ ತಿರುಗಿಸೋ. ಗಿರಣಿಯವರಿಗೆ ನಾನು ಹೇಳ್ತೀನಿ” ಎಂದರು.

ಒಂದು ಸಲ ಆಡಿದ ಮೇಲೆ ಆ ಮಾತು ಅವಳ ಬಾಯಿ ಬಿಟ್ಟು ಹೋಗಲೊಲ್ಲದು. ಈ ಜಡಿ ಇನ್ನೊಂದು ಗೇಣು ಕೆಳಗೆ ಬರಲಿ. ಆ ಮೂಲೆಗೆ ಜಡಿ ಸಾಲುವುದಿಲ್ಲ. ಜಡಿಯ ಮೇಲಿಂದ ಒಂದು ಗಳು ಅಡ್ಡ ಹಾಕಿ. ಗುತ್ಯಪ್ಪ ಹುರಿ ಬಿಗಿಯುತ್ತ, “ಮೊದ್ಲೇ ಹಿಂಗಂದಿದ್ರೆ ಒಂದು ಬಚ್ಚಲು ಉಳೀತಿತ್ತಲ್ರಮ್ಮ” ಎಂದ. “ಇರ್ಲಿ ಬಿಡ್ರಿ, ಬಚ್ಚಲು ಚಲೋ ಬಂದೈತಿ” ಎಂದಳು ಅವಳು. ತಾನೇ ಗಳು ಎತ್ತಿ ಹಿಡಿದಳು, ಅಂಗೈಗೆ ಸಿಬಿರು ಚುಚ್ಚಿದ್ದು ಗೊತ್ತಾಗಲಿಲ್ಲ. ಎಷ್ಟು ಸಣ್ಣ ಮಾತು, ಎರಡೇ ಅಕ್ಷರ, ಬಾಯಿಗೆ ಬೆಲ್ಲ ಹಾಕಿಕೊಂಡಂತೆ ಹಿತವಾಗಿತ್ತು. ಗೋಡೆ ಪೂರ್ತಿ ಮುಚ್ಚಿಕೊಂಡಾಗ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಕೋಣೆ ಒಣಗಿರಲೆಂದು ತನಗೆ ಆಸೆ ಇದೆ, ಅದು ಖಂಡಿತ ಇದೆ ಎಂದು ತಿಳಿದು ಕಣ್ಣಲ್ಲಿ ನೀರು ಬಂತು. ಆ ಇನ್ನೊಂದು ಮೂಲೆಯೂ ಎಲ್ಲಿಗೋ ಹೋಗಿರಲಿಲ್ಲ, ಅಲ್ಲೇ ಇತ್ತು. ಇರಲಿ, ಮನೆಯೆಂದ ಮೇಲೆ ಒಂದು ಮೂಲೆ ಇದ್ದೇ ಇರುತ್ತದೆ.

ಗುತ್ಯಪ್ಪ ಮಜ್ಜಿಗೆ ಕುಡಿದು ಹೋದ ಸ್ವಲ್ಪ ಹೊತ್ತಿಗೆ ಮಳೆ ಬಂತು. ಅಡ್ಡಡ್ಡ ಬಂದು ಪಡುವಣ ಗೋಡೆಗೇ ಬಡಿಯಿತು. ಕೋಣೆಯೊಳಗೆ ನಿಂತು ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗಿತ್ತು. ಹೊರಗೆ ಸೋಗೆಯ ಮೇಲೆ ನೀರು ಹೊಯ್ಯುವ ಸದ್ದು ಕೇಳುತ್ತ ಅವಳು ಹಾಡು ಗುನುಗಿದಳು. ಆಮೇಲೆ ಜೋರಾಗಿ ಒಂದು ಸಿಡಿಲು ಹೊಡೆಯಿತು, ಅವಳ ಹಾಡು ನಿಂತಿತು. ಯಜಮಾನರು ಶಿಕಾರಿಪುರದಿಂದ ಮೋಟಾರಿನಲ್ಲಿ ಬರುತ್ತಿದ್ದಾರೆ. ಕಾಳಿನ ಖರೀದಿಗೆ ಹೋದವರು, ಬರುವಾಗ ತನ್ನ ತವರಿಗೂ ಹೋಗಿ ಅವ್ವನನ್ನು ಮಾತಾಡಿಸಿ ಬರುತ್ತೇನೆ ಎಂದಿದ್ದರು. ದಾರಿಯಲ್ಲಿ ಸೇತುವೆ, ಮರಗಳು, ಡ್ರೈವರಿನ ನಿದ್ದೆ. ಇದೆಲ್ಲ ಸುಳ್ಳು ಎಂದುಕೊಂಡಳು. ಸುಳ್ಳೇ. ಆದರೂ ಎಷ್ಟು ಸಲ ಅಂದೆ ಎಂದು ಎಣಿಸಲು ಹೋಗಿ, ಎಣಿಕೆ ತಪ್ಪಿ, ಮತ್ತೆ ಮೊದಲಿಂದ ಎಣಿಸಿದಳು. ವಿಭೂತಿಯ ಗಟ್ಟಿ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಅವರು ಬಂದ ಕೂಡಲೇ ಒಂದು ಲೋಟ ಬಿಸಿ ಹಾಲು ಕೊಟ್ಟರೆ ಸವೆದದ್ದು ಸ್ವಲ್ಪ ತುಂಬೀತೇ ಎಂದು ಯೋಚಿಸಿ, ತನಗೆ ತಾನೇ ನಾಚಿಕೊಂಡು, ಹಾಲು ಒಲೆಯ ಮೇಲಿಟ್ಟಳು.

ಮೊದಲು ಬಂದವರು ಉಚ್ಚಂಗಮ್ಮ. ಮಳೆಗೆ ಗೊರಬು ಹೊದ್ದು, ಮಗಳನ್ನು ಕೈಹಿಡಿದು ನಡೆಸಿಕೊಂಡು ಬಂದರು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಯಾರು ಯಾರು ಏನು ಹೇಳಿದರೋ, ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕಾಲು ತೊಳೆದು ನೇರ ಪಡುವಣ ಕೋಣೆಗೆ ಹೋಗಿ ಗೋಡೆಗೆ ಅಂಗೈ ಇಟ್ಟರು. ಮೇಲೆ ಮುಟ್ಟಿದರು, ಕೆಳಗೆ ಮುಟ್ಟಿದರು, ಮೂಲೆಗೆ ಬಗ್ಗಿ ಮುಟ್ಟಿದರು. ಸರ್ವಮಂಗಳೆ ಉಸ್ಸಪ್ಪ ಎಂದು ಮಂಚದ ಮೇಲೆ ಕೂತು, ಕಾಲು ನೀಡಿ, “ಎಷ್ಟು ಬೆಚ್ಚಗಿದೆ ಅತ್ತಿಗೆ, ಜಡಿ ಭಾಳ ಚೆನ್ನಾಗಿ ಕಟ್ಟಿಸಿದೀಯ” ಎಂದಳು. ಅಜ್ಜನ ಹೆಸರೂ ಅಣ್ಣನ ಹೆಸರೂ ಆಡಲು ಅವಳಿಗೇನು ಅಡ್ಡಿ.

“ಏನಂತ ಕೂಗಿದ್ಯಂತೆ ಬೀದೀಲಿ?” ಎಂದರು ಉಚ್ಚಂಗಮ್ಮ, ಗೋಡೆಯ ಕಡೆಗೇ ಮುಖಮಾಡಿ.

“ತಪ್ಪಾತ್ರಿ ಅತ್ತಿ.”

“ಎಷ್ಟು ಸಲ?”

“ಲೆಕ್ಕ ಸಿಗವಲ್ದು.”

ಉಚ್ಚಂಗಮ್ಮ ನೀಲಾಂಬಿಕಳ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಅಂಗೈಯ ಸಿಬಿರನ್ನು ಉಗುರಿನಿಂದ ಎಬ್ಬಿಸಿ ತೆಗೆದರು. “ಬಚ್ಚಲೂ ಕಟ್ಟಿಸಿದೀಯಂತೆ” ಎಂದರು. ನೀಲಾಂಬಿಕಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ, ಸರ್ವಮಂಗಳೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟರಲ್ಲಿ ನೀಲಾಂಬಿಕಳ ಗಂಡ ಬಂದ. ಜಗುಲಿಯ ಮೇಲೆ ನಿಂತು, ಕಾಳಿನ ಮಾದರಿಯ ಗಂಟನ್ನು ಕಂಬಕ್ಕೆ ಒರಗಿಸಿ, ಪಂಚೆಯ ಅಂಚು ಹಿಂಡುತ್ತಿದ್ದ. ತಲೆಯಿಂದ ಕಾಲಿನವರೆಗೆ ನೀರು, ಅದರ ನಡುವೆ ಎಂದಿನ ಹಾಗೆ ನಗುಮುಖ, ಆಯುಸ್ಸು ಸವೆದ ಒಂದು ಗುರುತೂ ಇಲ್ಲ. ನೀಲಾಂಬಿಕ ಬಾಗಿಲ ಸಂದಿಯಿಂದ ಅವನನ್ನು ಬೇಕಾದಷ್ಟು ನೋಡಿದಳು. ಆಗ ಗಾಳಿಯ ಒಂದು ಹೊಡೆತಕ್ಕೆ ಹೊರಗೋಡೆಯ ಮೂಲೆಯಲ್ಲಿ ಹುರಿ ಬಿಚ್ಚಿ ಜಡಿ ಪಟಪಟ ಬಡಿದುಕೊಳ್ಳತೊಡಗಿತು, ಕಿಟಕಿಯ ಸಂದಿಯಿಂದ ಎರಚಲು ಮಂಚದ ಕಾಲಿನವರೆಗೆ ಬಂತು. ಉಚ್ಚಂಗಮ್ಮ ಸೊಸೆಯ ಮುಖ ನೋಡಿದರು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಜಗುಲಿಯ ಕಡೆ ತಿರುಗಿ, ಮೊದಲು ಗಂಟಲಲ್ಲಿ, ಆಮೇಲೆ ಗಟ್ಟಿಯಾಗಿ, “ಜಡೆಪ್ಪಾ” ಎಂದು ಕರೆದರು.

ಅವ್ವನ ಬಾಯಲ್ಲಿ ‘ತಮ್ಮ’ ಎಂಬ ಕರೆಗೇ ಒಗ್ಗಿದ್ದ ಅವನು ಓಗೊಡಲಿಲ್ಲ. ಅಂಗಳಕ್ಕೆ ಯಾರೋ ಬಂದಿರಬೇಕೆಂದು ಮಳೆಯ ಕಡೆ ತಿರುಗಿ ನೋಡಿದ.